ಒರ್ಲಿಂದಾ ಅಬೆಯ್ತಾ ಮತ್ತು ನಲವತ್ತೆರಡು ಮನೆಗಳ ಕಾಲುವೆ

ಒರ್ಲಿಂದಾ ಅಬೆಯ್ತಾ ಕಂಪ್ಯೂಟರ್ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಎಸ್ಪನ್ಯೋಲಾ ಎಂಬ ಪಟ್ಟಣದ ಒಂದು ಕಚೇರಿಯಲ್ಲಿ ಕಂಪ್ಯೂಟರಿಗೆ ಹಾಕುವ ಕಾರ್ಡುಗಳಿಗೆ ತೂತು ಹೊಡೆಯುವ ಕೆಲಸಕ್ಕೆ ಸೇರಿದಳು. ಕಾರ್ಡು ಹೋಗಿ ಟೇಪು ಬಂತು, ಟೇಪು ಹೋಗಿ ಪರದೆ ಬಂತು. ಪ್ರತಿ ಸಲವೂ ಜೊತೆಯವರು ಬೇಸತ್ತು ಕೆಲಸ ಬಿಟ್ಟರು. ಒರ್ಲಿಂದಾ ಮಾತ್ರ ಹೊಸ ಯಂತ್ರದ ದಪ್ಪ ಪುಸ್ತಕವನ್ನು ಮನೆಗೆ ಹೊತ್ತು ತಂದು, ಒಲೆಯ ಮೇಲೆ ಅವರೆ ಬೇಯುತ್ತಿರುವಾಗ ಓದಿದಳು. ಮೂವತ್ತೇಳನೆಯ ವಯಸ್ಸಿಗೆ, ಸಾಂತಾ ಫೆಗೆ ಹೋಗುವ ದಾರಿಯ ಗುಡ್ಡದ ನೆತ್ತಿಯಲ್ಲಿ ಹೊಸದಾಗಿ ಶುರುವಾಗಿದ್ದ ಪಿನ್ಯೋನ್ ಸಂಶೋಧನಾ ಕೇಂದ್ರದಲ್ಲಿ ಪ್ರೋಗ್ರಾಮ್ ಬರೆಯುವವಳಾಗಿ ಕೂತಳು.

ಆ ಕೇಂದ್ರದವರ ಕೆಲಸವನ್ನು ಊರಿನವರಿಗೆ ವಿವರಿಸಿ ಹೇಳುವುದು ಕಷ್ಟವಾಗಿತ್ತು. ಇರುವೆಗಳ ಸಾಲು, ಷೇರುಪೇಟೆ, ಜ್ವರ ಹರಡುತ್ತಿರುವ ಊರು, ಇವೆಲ್ಲ ಯಾರ ಅಪ್ಪಣೆಯೂ ಇಲ್ಲದೆ ಹೇಗೆ ತಾವೇ ಒಂದು ರೂಪಕ್ಕೆ ಬರುತ್ತವೆ, ಹೇಗೆ ಇದ್ದಕ್ಕಿದ್ದಂತೆ ಕುಸಿಯುತ್ತವೆ ಎಂದು ಅವರು ನೋಡುತ್ತಿದ್ದರು. ಅದಕ್ಕಾಗಿ ಯಂತ್ರದೊಳಗೆ ಪುಟ್ಟ ಪುಟ್ಟ ಜೀವಗಳನ್ನು ಮಾಡಿ, ಒಂದೊಂದಕ್ಕೂ ನಾಲ್ಕೈದು ನಿಯಮ ಕೊಟ್ಟು, ಬಿಟ್ಟು ನೋಡುತ್ತಿದ್ದರು. ಆ ಜೀವಗಳಿಗೆ ಅವರು ಇಟ್ಟ ಹೆಸರು ಏಜೆಂಟ್.

"ಏಜೆಂಟಾ? ವಿಮೆ ಮಾರೋಕೆ ಬರ್ತಾರಲ್ಲ, ಅವ್ರಾ?" ಎಂದು ಕೇಳಿದ ಅವಳ ಅಪ್ಪ ತ್ರಾಂಕಿಲೀನೊ.

"ಅಲ್ಲಪ್ಪ. ಬೊಂಬೆಗಳು ಅಂದ್ಕೊ. ಪಕ್ಕದ್ದು ಏನ್ ಮಾಡ್ತು ಅಂತ ನೋಡ್ತವೆ, ನೋಡಿ ತಾವೂ ಬದಲಾಗ್ತವೆ. ಹಾಗೇ ಎಲ್ಲಾ ಸೇರಿ ಊರು ಬದಲಾಗುತ್ತೆ."

"ಇಷ್ಟು ನೋಡೋಕೆ ಯಂತ್ರ ಯಾಕೆ ಬೇಕು? ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತ್ಕೊ, ಸಾಕು."

ತ್ರಾಂಕಿಲೀನೊನ ಊರು ಅಲಮಿಟೊ. ಊರಿಗೆ ಒಂದೇ ಕಾಲುವೆ, ಕಾಲುವೆಗೆ ನಲವತ್ತೆರಡು ಮನೆ. ಯಾರಿಗೆ ಯಾವಾಗ ನೀರು ಎಂದು ಹೇಳುವವನು ಊರು ಆರಿಸಿದ ನೀರುಗಂಟಿ. ಮಾರ್ಚ್ ತಿಂಗಳಲ್ಲಿ ಮನೆಗೊಬ್ಬರಂತೆ ಸಲಿಕೆ ಹಿಡಿದು ಬಂದು ಹೂಳೆತ್ತಬೇಕು, ಬಾರದಿದ್ದವನಿಗೆ ನೀರಿಲ್ಲ. ಕಾಲುವೆಯ ಕೊನೆಗೆ ಇನ್ನು ಮೂರೇ ಮನೆಯಿರುವಾಗ ಬರುವುದು ತ್ರಾಂಕಿಲೀನೊನ ಹೊಲ.

ಕೇಂದ್ರದ ಹಿರಿಯ ವಿಜ್ಞಾನಿ ಡಾಕ್ಟರ್ ರೋಲ್ಫ್ ಹಾಲ್ವರ್ಸೆನ್‌ಗೆ ಒರ್ಲಿಂದಾ ಒಂದು ದಿನ ಊಟದ ಹೊತ್ತಿನಲ್ಲಿ ಈ ಕಾಲುವೆಯ ಕಥೆ ಹೇಳಿದಳು. ಅವನು ತಿನ್ನುತ್ತಿದ್ದುದನ್ನು ಹಾಗೇ ಬಿಟ್ಟು, "ಒರ್ಲಿಂದಾ, ಇದನ್ನೇ ನಾವು ಮಾಡ್ಬೇಕು," ಎಂದ. ಉತ್ತರದ ಹಿಮದ ಸೀಮೆಯವನು, ಎತ್ತರದ ಆಳು, ಜೋರಾಗಿ ಮಾತನಾಡಿದವನಲ್ಲ. ಅವಳ ಗಂಡ ಬೆಲಾರ್ಮಿನೊನ ಮೂತ್ರಪಿಂಡಗಳು ಕೈಕೊಟ್ಟಾಗ, ಕೇಂದ್ರದ ವಿಮೆಯಲ್ಲಿ ಅವನ ಹೆಸರು ಸೇರಿಸಲು ನಾಲ್ಕು ಕಚೇರಿ ಅಲೆದು ಸಹಿ ಹಾಕಿಸಿದವನು ಹಾಲ್ವರ್ಸೆನ್ನೇ. ವಾರಕ್ಕೆ ಮೂರು ದಿನ ಬೆಲಾರ್ಮಿನೊ ಯಂತ್ರಕ್ಕೆ ರಕ್ತ ಕೊಟ್ಟು ವಾಪಸ್ಸು ಪಡೆದು ಬದುಕುತ್ತಿದ್ದುದು ಆ ಸಹಿಯಿಂದ.

ಅಲಮಿಟೊದ ಮಾಹಿತಿ ತರುವ ಕೆಲಸ ಒರ್ಲಿಂದಾಳಿಗೇ ಬಿತ್ತು. ಎರಡು ಬೇಸಿಗೆ ಮನೆಮನೆ ಅಲೆದಳು. ಹೊರಗಿನವರಾಗಿದ್ದರೆ ಊರು ಬಾಯಿ ಬಿಡುತ್ತಿರಲಿಲ್ಲ. ತ್ರಾಂಕಿಲೀನೊನ ಮಗಳಿಗೆ ಕಾಫಿ ಕೊಟ್ಟು, ಸೋಂಪಿನ ಬಿಸ್ಕತ್ತು ಕೊಟ್ಟು, ಒಳಗಿನ ಮಾತನ್ನೂ ಕೊಟ್ಟಿತು. ಯಾರು ಸರದಿ ತಪ್ಪಿಸುತ್ತಾರೆ, ಯಾರು ಹೂಳೆತ್ತುವ ದಿನ ಬೆನ್ನುನೋವು ಎನ್ನುತ್ತಾರೆ, ಯಾರು ಬೆಳಗಾಗುವ ಮೊದಲೇ ತೂಬು ಎತ್ತಿ ನೀರು ಕದಿಯುತ್ತಾರೆ. ಎಪ್ಪತ್ತೊಂದರ ವಿಧವೆ ಸೆಲೆದೋನಿಯಾ ತಾನಾಗಿಯೇ ಹೇಳಿದಳು. ಊರಿನ ಹಿರಿಯ ಹೆಂಗಸರನ್ನೆಲ್ಲ ಕರೆಯುವಂತೆ ಅವಳನ್ನೂ ಎಲ್ಲರೂ ಕರೆಯುವುದು ತೀಯಾ, ಅಂದರೆ ಅತ್ತೆ ಎಂದೇ.

"ನಾಲ್ಕು ಸಲ ಕದ್ದಿದ್ದೀನಿ, ಮಗಳೇ. ನನ್ನ ಗಂಡ ಸತ್ತ ವರ್ಷ. ಮೆಣಸಿನ ಸಸಿ ಬಾಡ್ತಿದ್ವು, ನೋಡ್ಕೊಂಡು ಕೂರೋಕೆ ಆಗ್ಲಿಲ್ಲ. ಬರ್ಕೊ, ಪರ್ವಾಗಿಲ್ಲ. ಪಾದ್ರಿಗೂ ಹೇಳಿದ್ದೀನಿ."

"ಹೆಸರು ಹಾಕಲ್ಲ, ತೀಯಾ. ಬರೀ ನಂಬರು."

ಕಾಲುವೆಯ ಬಾಯಿಂದ ಎಣಿಸಿದರೆ ಸೆಲೆದೋನಿಯಾ ಹದಿನೇಳು, ಅಪ್ಪ ಮೂವತ್ತೊಂಬತ್ತು. ಆ ಕ್ರಮದಲ್ಲೇ ಒರ್ಲಿಂದಾ ಮನೆಗಳನ್ನು ಪಟ್ಟಿ ಮಾಡಿದಳು. ಯಂತ್ರದೊಳಗೆ ಬೆಳಗಾದರೆ ಸಾಕು, ಪ್ರೋಗ್ರಾಮ್ ಒಂದನೇ ಮನೆಯಿಂದ ಶುರುಮಾಡಿ ಒಬ್ಬೊಬ್ಬರನ್ನೇ ಕರೆದು ಕೇಳುತ್ತಿತ್ತು: ನೀರು ತಗೊಳ್ತೀಯಾ, ಕದೀತೀಯಾ, ಸಾಕಪ್ಪ ಅಂತ ಬಿಟ್ಟು ಹೋಗ್ತೀಯಾ? ಒಂದು ಬರದ ಕಾಲವನ್ನು ನೂರು ಸಲ ಓಡಿಸಿದರು. ನೂರರಲ್ಲಿ ತೊಂಬತ್ತೊಂದು ಸಲ ಕೊನೆಯ ಮನೆಗಳು ಒಂದರ ಹಿಂದೊಂದು ಹೊಲ ಬಿಟ್ಟವು, ಹೂಳೆತ್ತುವ ಕೈಗಳು ಕಡಿಮೆಯಾದವು, ಹದಿನೆಂಟು ವರ್ಷದೊಳಗೆ ಕಾಲುವೆ ಸತ್ತಿತು.

ಈ ಫಲಿತಾಂಶದ ಬಗ್ಗೆ ಕೇಂದ್ರ ಪ್ರಕಟಿಸಿದ ಲೇಖನದಲ್ಲಿ ಹಾಲ್ವರ್ಸೆನ್ ಹೆಸರಿನ ಪಕ್ಕದಲ್ಲಿ ಅವಳ ಹೆಸರೂ ಅಚ್ಚಾಯಿತು. ಬೆಲಾರ್ಮಿನೊ ಅದನ್ನು ಕತ್ತರಿಸಿ ಆಸ್ಪತ್ರೆಯ ನರ್ಸುಗಳಿಗೆಲ್ಲ ತೋರಿಸಿದ.

ಮುಂದಿನ ವರ್ಷ, ಅಂದರೆ ತೊಂಬತ್ತಾರರಲ್ಲಿ, ಬೆಟ್ಟದ ಮೇಲೆ ಹಿಮ ಬೀಳಲೇ ಇಲ್ಲ. ದಕ್ಷಿಣದ ಪಟ್ಟಣವೊಂದಕ್ಕೆ ನೀರು ಬೇಕಿತ್ತು. ಲೇಖನ ಯಾರದೋ ಮೇಜಿಗೆ ಹೋಯಿತು. ಹೇಗೂ ಸಾಯುವ ಕಾಲುವೆ. ಕೊನೆಯ ಇಪ್ಪತ್ತು ಮನೆಗಳ ನೀರಿನ ಹಕ್ಕನ್ನು, ಅವರು ಒಪ್ಪಲಿ ಬಿಡಲಿ, ಈಗಲೇ ಗುತ್ತಿಗೆಗೆ ತೆಗೆದುಕೊಂಡರೆ ಅವರಿಗೂ ಲಾಭ, ಪಟ್ಟಣಕ್ಕೂ ಲಾಭ ಎಂದು ಜಿಲ್ಲಾ ಕಚೇರಿಗೆ ಅರ್ಜಿ ಬಿತ್ತು. ಪತ್ರಿಕೆಯಲ್ಲಿ ನಕ್ಷೆ ಬಂತು. ನಕ್ಷೆಯಲ್ಲಿ ನಂಬರು ಮಾತ್ರ ಇದ್ದವು. ಆದರೆ ತನ್ನ ಹೊಲ ಎಷ್ಟನೆಯದು ಎಂದು ಎಣಿಸಲು ಅಲಮಿಟೊದಲ್ಲಿ ಯಾರಿಗೆ ಬರುವುದಿಲ್ಲ?

ಆ ಭಾನುವಾರ ಒರ್ಲಿಂದಾ ಚರ್ಚಿಗೆ ಹೋದಾಗ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ.

ತಪ್ಪು ಅವಳ ಕಣ್ಣಿಗೆ ಬಿದ್ದದ್ದು ಜೂನ್ ತಿಂಗಳಲ್ಲಿ. ಅರ್ಜಿಯ ವಿಚಾರಣೆಗೆಂದು ಹಾಲ್ವರ್ಸೆನ್ ಹೊಸ ಅಂಕಿಗಳನ್ನು ಹಾಕಿ ಮತ್ತೊಮ್ಮೆ ಓಡಿಸು ಎಂದಿದ್ದ. ಜಿಲ್ಲಾ ಕಚೇರಿಯಿಂದ ಬಂದ ಹೊಸ ಪಟ್ಟಿ ಹೆಸರಿನ ಅಕ್ಷರಕ್ರಮದಲ್ಲಿತ್ತು. ಅವಳು ಗಮನಿಸದೆ ಹಾಗೆಯೇ ಹಾಕಿದಳು. ಊಟ ಮುಗಿಸಿ ಬಂದು ನೋಡಿದರೆ, ಕಾಲುವೆಯ ಬಾಯಲ್ಲೇ ಹೊಲವಿರುವ ವಿಹಿಲ್ ಮನೆತನದ ಐದೂ ಮನೆಗಳು ನೀರಿಲ್ಲದೆ ಊರು ಬಿಟ್ಟಿದ್ದವು! ಅಬೆಯ್ತಾ, ಅಂದರೆ ಅವಳ ಅಪ್ಪ, ನೂರಕ್ಕೆ ನೂರು ಸಲ ಹಸಿರಾಗಿದ್ದ. ಹೊಲ ಎಲ್ಲಿದೆ ಎಂಬುದು ಯಂತ್ರಕ್ಕೆ ಗೊತ್ತೇ ಇರಲಿಲ್ಲ. ಪಟ್ಟಿಯಲ್ಲಿ ಯಾರು ಮೊದಲೋ ಅವರು ಬದುಕುತ್ತಿದ್ದರು, ಯಾರು ಕೊನೆಯೋ ಅವರು ಸಾಯುತ್ತಿದ್ದರು.

ಅವಳು ಪ್ರೋಗ್ರಾಮನ್ನು ತೆರೆದು ಮನೆಗಳನ್ನು ಕರೆಯುವ ಸಾಲನ್ನು ಹುಡುಕಿದಳು. ಆ ಸಾಲು ಬರೆದವಳು ತಾನೇ. ಮೂರು ವರ್ಷದ ಹಿಂದೆ, ಯಾವುದೋ ಮಂಗಳವಾರ, ಒಂದರಿಂದ ನಲವತ್ತೆರಡರವರೆಗೆ ಕರೆ ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದಳು.

ಊರಿನಲ್ಲಿ ಹಾಗಲ್ಲ. ಅದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಬರದ ವರ್ಷ ನೀರುಗಂಟಿ ಮೊದಲು ಕೊನೆಯ ಹೊಲಗಳಿಗೆ ಹೋಗುತ್ತಾನೆ, ಯಾರ ಬೆಳೆ ಬಾಡಿದೆ ನೋಡುತ್ತಾನೆ, ಮೇಲಿನವರಿಗೆ ಫೋನು ಮಾಡಿ ಬೈಯುತ್ತಾನೆ, ನಿನ್ನ ಗುರುವಾರ ಇವನಿಗೆ ಕೊಡು ಎನ್ನುತ್ತಾನೆ. ಗೊತ್ತಿದ್ದೂ ಅವಳು ಬರೆದಿರಲಿಲ್ಲ. ಈಗ ಯಂತ್ರದೊಳಗೆ ಪ್ರತಿದಿನವೂ ಪಟ್ಟಿಯನ್ನು ಇಸ್ಪೀಟಿನ ಎಲೆಯಂತೆ ಕಲಸುವ ಹಾಗೆ ಮಾಡಿ ಓಡಿಸಿದಳು. ನೂರರಲ್ಲಿ ಹದಿನಾಲ್ಕು ಸಲ ಮಾತ್ರ ಕಾಲುವೆ ಸತ್ತಿತು.

ಹಾಲ್ವರ್ಸೆನ್ ಹಾಳೆಗಳನ್ನು ಎರಡು ಸಲ ನೋಡಿದ. ಕನ್ನಡಕ ತೆಗೆದು ಮೂಗು ಉಜ್ಜಿಕೊಂಡ.

"ನೀರು ಮೇಲಿಂದಾನೇ ಅಲ್ವಾ ಹರಿಯೋದು? ಮೇಲಿನವರು ಮೊದಲು ತಗೊಳ್ಳೋದು ಸಹಜ ಅಂತ ವಾದ ಮಾಡಬಹುದು."

"ವಿಹಿಲ್‌ಗಳು ಒಣಗಿಹೋಗಿದ್ದಾರೆ, ಡಾಕ್ಟರ್. ಅವರ ತೂಬಿನ ಮುಂದೆ ನದೀನೇ ಇದೆ."

"ನಂಗೆ ಅರ್ಥವಾಯ್ತು." ಅವನು ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟ. "ವಿಚಾರಣೆಗೆ ಇನ್ನು ಎರಡೇ ವಾರ. ಈಗ ನಾವು ಏನಾದ್ರೂ ಅಂದ್ರೆ ಈ ಕೇಂದ್ರವನ್ನ ಮುಂದೆ ಯಾರೂ ನಂಬಲ್ಲ. ಆರು ತಿಂಗಳು ಕೊಡಿ. ಸರಿಯಾಗಿ ಪರೀಕ್ಷೆ ಮಾಡಿ, ನಾವಿಬ್ಬರೂ ಸೇರಿ ತಿದ್ದುಪಡಿ ಬರೆಯೋಣ."

"ಆರು ತಿಂಗಳಲ್ಲಿ ನೀರು ಹೋಗಿರುತ್ತೆ."

"ನಿಮ್ಮ ತಂದೆಯ ಹೊಲವೂ ಅದರಲ್ಲಿದೆ ಅಲ್ವಾ?" ಎಂದ ಅವನು. ಗದರಿಸಲು ಕೇಳಿದ್ದಲ್ಲ, ಕನಿಕರದಿಂದಲೇ ಕೇಳಿದ. "ನೀವೇ ಹೇಳಿದ್ರೆ ಜನ ಏನು ಅಂದ್ಕೊಳ್ತಾರೆ, ಯೋಚನೆ ಮಾಡಿ. ಮನೆಯಲ್ಲಿ ಬೆಲಾರ್ಮಿನೊ ಹೇಗಿದ್ದಾರೆ?"

ಅದರ ಮುಂದಿನ ಹತ್ತು ದಿನ ಒರ್ಲಿಂದಾಳ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಯಾವ ಕಡೆ ತಿರುಗಿದರೂ ಗೋಡೆ. ಬಾಯಿ ಬಿಟ್ಟರೆ ಕೆಲಸ ಹೋದೀತು, ಕೆಲಸದ ಹಿಂದೆ ವಿಮೆ, ವಿಮೆಯ ಹಿಂದೆ ಗಂಡನ ಪ್ರಾಣ. ಬಾಯಿ ಮುಚ್ಚಿದರೆ ಅಪ್ಪನ ನೀರು ಹೋಗುತ್ತದೆ, ಅದೂ ತನ್ನ ಕೈಬರಹದಿಂದ. ಹೇಳಿದರೂ ಮೂವತ್ತೊಂಬತ್ತನೇ ಮನೆಯ ಮಗಳ ಮಾತು ಯಾರು ನಂಬುತ್ತಾರೆ? ನಂಬಿಸಬೇಕಾದರೆ ಕಡತಗಳನ್ನು ಬಿಚ್ಚಿಡಬೇಕು. ಬಿಚ್ಚಿದರೆ ಅಡುಗೆಮನೆಗಳಲ್ಲಿ ಪಿಸುಗುಟ್ಟಿದ್ದೆಲ್ಲ ಬಯಲಿಗೆ ಬರುತ್ತದೆ. ಬೆಳಿಗ್ಗೆ ಗುಡ್ಡ ಹತ್ತುತ್ತಿದ್ದಳು, ಪರದೆಯ ಮುಂದೆ ಕೂರುತ್ತಿದ್ದಳು, ಸಂಜೆ ಇಳಿಯುತ್ತಿದ್ದಳು. ದಾರಿಯಲ್ಲಿ ಒಮ್ಮೆ ಕಾರು ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಎಷ್ಟು ಹೊತ್ತು ಕೂತಿದ್ದಳೆಂದರೆ ಹಿಂದೆ ಬಂದ ಲಾರಿಯವನು ಇಳಿದು ಬಂದು ಕಿಟಕಿ ತಟ್ಟಿದ.

ಬೆಲಾರ್ಮಿನೊ ಮುಖ ನೋಡಿಯೇ ಹಿಡಿದ. ಅವಳು ಎಲ್ಲ ಹೇಳಿದಳು.

"ನನ್ನ ಕಾಯಿಲೆ ನೆಪ ಮಾಡ್ಕೊಂಡು ನೀನು ಸುಮ್ನಿದ್ರೆ, ನಿಮ್ಮಪ್ಪನ ಮುಖ ನಾನು ಹೇಗೆ ನೋಡ್ಲಿ?" ಎಂದ. ಆಮೇಲೆ, ಬೇರೆಯೇ ದನಿಯಲ್ಲಿ, "ಕೆಲಸದಿಂದ ತೆಗೀತಾರೆ ಅಂತೀಯಾ?" ಎಂದು ಕೇಳಿದ.

"ಗೊತ್ತಿಲ್ಲ."

"ನಂಗೆ ಹೆದರಿಕೆ ಆಗುತ್ತೆ ಕಣೇ," ಎಂದ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದಿರಲಿಲ್ಲ. ಇಬ್ಬರೂ ಕೈಹಿಡಿದು ಕೂತರು. ಏನೂ ತೀರ್ಮಾನವಾಗಲಿಲ್ಲ.

ವಿಚಾರಣೆಗೆ ಮೂರು ದಿನವಿರುವಾಗ ಅವಳು ಸೆಲೆದೋನಿಯಾಳ ಮನೆಗೆ ಹೋದಳು. ಮುದುಕಿ ಜಗಲಿಯಲ್ಲಿ ಕೂತು ಹಿಂದಿನ ವರ್ಷದ ಒಣಮೆಣಸಿನ ತೊಟ್ಟು ಮುರಿಯುತ್ತಿದ್ದಳು. ಕೂರು ಎನ್ನಲಿಲ್ಲ.

"ಬಂದ್ಯಾ, ಸರ್ಕಾರದ ಮಗಳೇ? ಇನ್ನೂ ಏನಾದ್ರೂ ಬರ್ಕೊಳ್ಳೋದು ಬಾಕಿ ಇತ್ತಾ?"

"ತಪ್ಪಾಗಿದೆ, ತೀಯಾ. ನಾನು ಬರೆದಿದ್ದೇ ತಪ್ಪು." ನಿಂತೇ ವಿವರಿಸಿದಳು. ಪಟ್ಟಿ, ಕರೆಯುವ ಕ್ರಮ, ವಿಹಿಲ್‌ಗಳು ಊರು ಬಿಟ್ಟಿದ್ದು. ಮುದುಕಿಗೆ ವಿಹಿಲ್‌ಗಳ ಸಂಗತಿ ಬಹಳ ಹಿಡಿಸಿತು, ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ಒರ್ಲಿಂದಾ ಬಂದ ವಿಷಯಕ್ಕೆ ಬಂದಳು. "ಅಲ್ಲಿ ತೋರಿಸಬೇಕಾದ್ರೆ ಎಲ್ಲಾ ಕಡತ ಕೊಡಬೇಕಾಗುತ್ತೆ. ಹದಿನೇಳನೇ ಮನೆ ಕದೀತು ಅಂತ ಅದರಲ್ಲಿದೆ."

"ನಾಲ್ಕು ಸಲ."

"ಯಂತ್ರದೊಳಗೆ ಜಾಸ್ತಿ."

"ಜಾಸ್ತಿ ಅಂದ್ರೆ?"

"ಬರ ಬಂದಾಗಲೆಲ್ಲ ನಿಮ್ಮ ಬೊಂಬೆ ಕದೀತಿತ್ತು. ನೂರು ಸಲ ಓಡಿಸಿದ್ದೀವಿ. ಒಟ್ಟು ಎರಡು ಸಾವಿರದ ನೂರಾ ಆರು ಸಲ."

ಸೆಲೆದೋನಿಯಾಳ ಕೈ ನಿಂತಿತು. "ದೇವರೇ! ಅಷ್ಟು ನೀರಿದ್ದಿದ್ರೆ ನಾನು ಭತ್ತ ಬೆಳೀತಿದ್ದೆ." ನಕ್ಕಳೋ ಅತ್ತಳೋ ಗೊತ್ತಾಗದಂತೆ ಸೆರಗಿನಂತಿದ್ದ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು, ಮೆಣಸಿನ ಖಾರವೂ ಇರಬಹುದು. "ಹೇಳ್ಕೊ ಹೋಗು. ಬಾಕಿಯವ್ರನ್ನ ನಾನು ನೋಡ್ಕೊಳ್ತೀನಿ. ಆದ್ರೆ ಮೆಣಸಿನ ಸಸಿಗೆ ಅಂತ ಸೇರಿಸಿ ಹೇಳು. ಹುಲ್ಲಿಗೆ ಕದ್ಲು ಅಂತ ಯಾರೂ ಅನ್ಕೋಬಾರ್ದು."

ಎರಡು ದಿನದಲ್ಲಿ ಮುದುಕಿ ಇನ್ನೂ ಹನ್ನೊಂದು ಮನೆಯವರಿಂದ ಒಪ್ಪಿಗೆ ತಂದಳು. ಹೇಗೆ ತಂದಳೆಂದು ಒರ್ಲಿಂದಾ ಕೇಳಲಿಲ್ಲ. ಕೊಡದವರೂ ಇದ್ದರು, ಅವರ ಪುಟಗಳನ್ನು ಅವಳು ತೆಗೆದಿಟ್ಟಳು.

ವಿಚಾರಣೆ ನಡೆದದ್ದು ಜಿಲ್ಲಾ ಕಚೇರಿಯ ಸೆಕೆಯ ಕೋಣೆಯಲ್ಲಿ. ಮುಂದಿನ ಸಾಲಿನಲ್ಲಿ ಹಾಲ್ವರ್ಸೆನ್, ಹಿಂದೆ ಅಲಮಿಟೊದವರು, ಟೋಪಿ ಮೊಣಕಾಲ ಮೇಲೆ. ಸಾರ್ವಜನಿಕರು ಮಾತನಾಡಬಹುದು ಎಂದು ಅಧಿಕಾರಿ ಹೇಳಿದಾಗ ಒರ್ಲಿಂದಾ ಎದ್ದಳು. ಪಟ್ಟಿಯ ಕ್ರಮ ಬದಲಾದರೆ ಉತ್ತರವೇ ಬದಲಾಗುತ್ತದೆ ಎಂದಳು, ಹಾಳೆಗಳನ್ನು ಮುಂದಿಟ್ಟಳು. ಕೊನೆಗೆ, "ಆ ಸಾಲು ಬರೆದದ್ದು ನಾನೇ," ಎಂದಳು.

ಅಧಿಕಾರಿ ಹಾಳೆ ತಿರುವಿದ. "ಈ ಕಾಲುವೆಯಲ್ಲಿ ನಿಮ್ಮ ಸಂಬಂಧಿಕರು ಯಾರಾದ್ರೂ ಇದ್ದಾರಾ?"

"ಮೂವತ್ತೊಂಬತ್ತನೇ ಮನೆ. ನನ್ನ ತಂದೆ."

ಕೋಣೆಯಲ್ಲಿ ಯಾರೋ ನಕ್ಕರು. ಅಧಿಕಾರಿ ಏನೋ ಗೀಚಿಕೊಂಡು ಹಾಲ್ವರ್ಸೆನ್ ಕಡೆ ತಿರುಗಿದ. ಹಾಲ್ವರ್ಸೆನ್ ಎದ್ದು, ಅವಳತ್ತ ನೋಡದೆ, "ಈ ವಿಷಯ ನಮ್ಮ ಪರಿಶೀಲನೆಯಲ್ಲಿದೆ," ಎಂದಷ್ಟೇ ಹೇಳಿ ಕೂತ. ಸುಳ್ಳಲ್ಲ. ಆದರೆ ಒರ್ಲಿಂದಾಳಿಗೆ ಸುಳ್ಳಿಗಿಂತ ಅದೇ ಹೆಚ್ಚು ನೋವು ಕೊಟ್ಟಿತು.

ಹೊರಗೆ ಬಂದಾಗ ಅಪ್ಪ ಮರದ ನೆರಳಲ್ಲಿ ಕಾಯುತ್ತಿದ್ದ.

"ಮೇಲಿಂದಾನೇ ಯಾಕೆ ಕರೆದೆ, ಮಗಳೇ?"

"ಪಟ್ಟಿ ಹಾಗಿತ್ತು, ಅಪ್ಪ."

"ಪಟ್ಟಿ ಮಾಡಿದ್ದೂ ನೀನೇ ಅಲ್ವಾ," ಎಂದ ಅವನು. ಬೈಗುಳವಾಗಿರಲಿಲ್ಲ. ಅವಳ ಹೆಗಲ ಮೇಲೆ ಕೈಯಿಟ್ಟು ಟ್ರಕ್ಕಿನತ್ತ ನಡೆಸಿಕೊಂಡು ಹೋದ.

ಬಲವಂತದ ಗುತ್ತಿಗೆ ನಿಂತಿತು. ಬೇಕಾದವರು ಕೊಡಬಹುದು, ಬೇಡದವರನ್ನು ಮುಟ್ಟುವಂತಿಲ್ಲ, ಕೇಂದ್ರ ಹೊಸ ವರದಿ ಕೊಡಬೇಕು ಎಂದು ಆದೇಶವಾಯಿತು. ಊರು ಗೆದ್ದಂತೆಯೇ ಕಂಡಿತು. ಆದರೆ ಹೊಸ ವರದಿ ಬರುವುದಕ್ಕೆ ಹತ್ತೊಂಬತ್ತು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕೊನೆಯ ಇಪ್ಪತ್ತು ಮನೆಗಳಲ್ಲಿ ಒಂಬತ್ತು ಮನೆಯವರು ತಾವಾಗಿಯೇ ಹಕ್ಕು ಕೊಟ್ಟು ಸಹಿ ಹಾಕಿದ್ದರು. ಕೊನೆಯವರು ಉಳಿಯುವುದಿಲ್ಲವೆಂದು ಪತ್ರಿಕೆ ಹೇಳಿತ್ತು. ಪಕ್ಕದವನು ಹೋದಾನು ಎಂಬ ಭಯಕ್ಕೆ ಇವನು ಹೋದ, ಇವನು ಹೋದನೆಂದು ಅವನು ಹೋದ. ಬೊಂಬೆಗಳಿಗೆ ಒರ್ಲಿಂದಾ ನಾಲ್ಕೈದು ನಿಯಮ ಕೊಟ್ಟಿದ್ದಳು. ಆದರೆ ತಮ್ಮ ಬಗ್ಗೆ ಬರೆದ ವರದಿಯನ್ನು ಓದುವ ನಿಯಮವನ್ನು ಕೊಟ್ಟಿರಲಿಲ್ಲ. ತ್ರಾಂಕಿಲೀನೊ ಸಹಿ ಹಾಕಲಿಲ್ಲ. ಅವನ ಎರಡೂ ಬದಿಯ ಹೊಲಗಳಲ್ಲಿ ಮುಳ್ಳುಗಿಡ ಎದ್ದವು, ಹೂಳೆತ್ತಬೇಕಾದ ಕಾಲುವೆ ಉಳಿದವರ ಪಾಲಿಗೆ ಇನ್ನಷ್ಟು ಉದ್ದವಾಯಿತು.

ಕೇಂದ್ರ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಬಿಡುಗಡೆಯಾದರೂ ಆಗುತ್ತಿತ್ತೇನೋ. ಕಿಟಕಿಯಿಲ್ಲದ ಕೆಳಗಿನ ಕೋಣೆಯಲ್ಲಿ ಹಳೆಯ ಟೇಪುಗಳನ್ನು ನಕಲು ಮಾಡುವ ಕೆಲಸ ಕೊಟ್ಟರು. ಹೊಸ ಪ್ರೋಗ್ರಾಮ್ ಬರೆಯಲು ಯಾರೂ ಕರೆಯಲಿಲ್ಲ. ಹೊಸ ವರದಿಯಲ್ಲಿ ಕ್ರಮದ ತಪ್ಪನ್ನು ಸ್ಪಷ್ಟವಾಗಿ ಬರೆದಿದ್ದರು. ಅದನ್ನು ಕಂಡುಹಿಡಿದವರ ಹೆಸರು ಇರಲಿಲ್ಲ. ಹಾಲ್ವರ್ಸೆನ್ ಮೆಟ್ಟಿಲಲ್ಲಿ ಸಿಕ್ಕಾಗ ಬೆಲಾರ್ಮಿನೊ ಹೇಗಿದ್ದಾರೆ ಎಂದು ಕೇಳುತ್ತಿದ್ದ, ಅವಳು ಚೆನ್ನಾಗಿದ್ದಾರೆ ಎನ್ನುತ್ತಿದ್ದಳು. ವಿಮೆಯ ಕಾಗದ ಪ್ರತಿ ಜನವರಿಯಲ್ಲೂ ತಪ್ಪದೆ ಬರುತ್ತಿತ್ತು. ಅದನ್ನು ಕೈಗೆ ತೆಗೆದುಕೊಂಡಾಗ ಅವಳಿಗೆ ಸಮಾಧಾನವೂ ಆಗುತ್ತಿತ್ತು, ಕಟ್ಟಿಹಾಕಿದಂತೆಯೂ ಆಗುತ್ತಿತ್ತು.

ಬೆಲಾರ್ಮಿನೊ ಇನ್ನೂ ಏಳು ವರ್ಷ ಬದುಕಿದ. ಅವನನ್ನು ಮಣ್ಣು ಮಾಡಿದ ಮರುವಾರ ರಾಜೀನಾಮೆ ಕೊಡಬಹುದಾಗಿತ್ತು. ತಂಗಿ ಹಾಗೆಂದು ಹೇಳಿಯೂ ಹೇಳಿದಳು. ಒರ್ಲಿಂದಾ ಸೋಮವಾರ ಎಂದಿನಂತೆ ಎದ್ದು, ಗುಡ್ಡ ಹತ್ತಿ, ಕೆಳಗಿನ ಕೋಣೆಯ ದೀಪ ಹಾಕಿ ಕೂತಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ. ಇನ್ನೂ ನಾಲ್ಕು ವರ್ಷ ಹಾಗೆಯೇ ಕೂತಳು.

ಹಾಲ್ವರ್ಸೆನ್ ನಿವೃತ್ತನಾಗುವ ವಸಂತದಲ್ಲಿ ಆ ಕೋಣೆಗೆ ಬಂದ. ಬಾಗಿಲಲ್ಲಿ ನಿಂತು, "ಒರ್ಲಿಂದಾ, ಆ ಕಾಲುವೆಯನ್ನ ನಾನು ಒಂದು ಸಲವೂ ನೋಡಿಲ್ಲ," ಎಂದ. ಅವಳಿಗೆ ಮೊದಲು ನಂಬಿಕೆಯಾಗಲಿಲ್ಲ. ಹದಿನಾಲ್ಕು ವರ್ಷ ಅದರ ಬಗ್ಗೆ ಬರೆದವನು!

"ಶನಿವಾರ ಹೂಳು ತೆಗೀತಾರೆ," ಎಂದಳು. "ಬರೋದಾದ್ರೆ ಸಲಿಕೆ ತನ್ನಿ."

ಬಂದ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದ್ದ ಸಲಿಕೆ ಹಿಡಿದು. ನೀರುಗಂಟಿ ಅವನನ್ನು ಮೇಲಿಂದ ಕೆಳಗೆ ನೋಡಿ, ಒರ್ಲಿಂದಾಳ ಪಕ್ಕದಲ್ಲಿ, ತ್ರಾಂಕಿಲೀನೊನ ಪಾಲಿನ ಜಾಗದಲ್ಲಿ ನಿಲ್ಲಿಸಿದ. ತ್ರಾಂಕಿಲೀನೊಗೆ ಆಗ ಎಂಬತ್ತೆಂಟು; ದಡದ ಮೇಲೆ ಕುರ್ಚಿ ಹಾಕಿಸಿಕೊಂಡು, ಇನ್ನೂ ಆಳ, ಇನ್ನೂ ಆಳ ಎಂದು ಕೂಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಹಾಲ್ವರ್ಸೆನ್‌ನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಮೊಮ್ಮಗಳ ತೋಳು ಹಿಡಿದು ಕಾಲುವೆಯ ಏರಿ ಮೇಲೆ ನಡೆದುಬಂದ ಮುದುಕಿಯೊಬ್ಬಳು ಅವನ ಎದುರು ನಿಂತಳು.

"ಇವನೇನಾ?" ಎಂದು ಒರ್ಲಿಂದಾಳನ್ನು ಕೇಳಿದಳು.

"ಇವರೇ, ತೀಯಾ."

"ನಾನು ಹದಿನೇಳು," ಎಂದು ಸೆಲೆದೋನಿಯಾ ಅವನಿಗೆ ಹೇಳಿದಳು.

ಹಾಲ್ವರ್ಸೆನ್ ಟೋಪಿ ತೆಗೆದ. ಮುದುಕಿ ಅವನ ಅಂಗೈ ತಿರುಗಿಸಿ ನೋಡಿ, ಮೊಮ್ಮಗಳಿಗೆ ಮನೆಯಿಂದ ಬಟ್ಟೆ ತರಲು ಹೇಳಿದಳು. ಒರ್ಲಿಂದಾ ಅದನ್ನು ನೋಡುತ್ತ ನಿಲ್ಲಲಿಲ್ಲ. ಅವಳ ಪಾಲಿನದು ಇನ್ನೂ ಆರು ಮಾರು ಬಾಕಿಯಿತ್ತು, ಬಿಟ್ಟುಹೋದ ಪಕ್ಕದ ಮನೆಯವರದ್ದು ಬೇರೆ.

ಮುಂದಿನ ತಿಂಗಳು ಅವಳು ರಾಜೀನಾಮೆ ಬರೆದಳು. ಎರಡು ಸಾಲು. ಬರೆದು ಮೇಜಿನ ಖಾನೆಯಲ್ಲಿಟ್ಟಳು. ಅದನ್ನು ಮೇಲಿನ ಮಹಡಿಗೆ ಒಯ್ದು ಕೊಡುವುದಕ್ಕೆ ಮತ್ತೆ ಐದು ತಿಂಗಳು ಹಿಡಿಯಿತು.